ಎರಡನೇ ದೊಡ್ಡ ಕೈ: ಸಣ್ಣ ಮೊತ್ತದ ಓಮಹಾದಲ್ಲಿ ದುಡ್ಡು ಬರುವ ದಾರಿ

(ಪೋಕರ್ ಆಡುವವರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಆಡುಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ಇಲ್ಲಿ ಕೂತವರಲ್ಲಿ ಎಷ್ಟು ಜನ ಎರಡೆಲೆಯ ಪೋಕರ್ ಆದ ಹೋಲ್ಡೆಮ್ ಕಲಿತು ಆಮೇಲೆ ನಾಲ್ಕೆಲೆಯ ಓಮಹಾಕ್ಕೆ ಬಂದವರು? ಕೈ ಎತ್ತಿ. ಹೆಚ್ಚುಕಡಿಮೆ ಎಲ್ಲರೂ ಎತ್ತಿದ್ದೀರಿ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಇದರಲ್ಲೇ ಇದೆ. ಸಣ್ಣ ಮೊತ್ತದ ಓಮಹಾ ಮೇಜಿನಲ್ಲಿ ನಿಮ್ಮ ಎದುರು ಕೂರುವವರೂ ಹೀಗೇ ಬಂದವರು. ಅವರ ಕಣ್ಣು ಎರಡೆಲೆಯ ಆಟದಲ್ಲಿ ಪಳಗಿದೆ, ಆಡುತ್ತಿರುವುದು ನಾಲ್ಕೆಲೆಯ ಆಟ. ಅಲ್ಲಿ ಧೈರ್ಯವಾಗಿ ಚಿಪ್ಸ್ ಸುರಿಯಬಹುದಾದ ಕೈ ಇಲ್ಲಿ ಎರಡನೇ ದೊಡ್ಡ ಕೈ ಆಗಿರುತ್ತದೆ. ಆ ಎರಡನೇ ದೊಡ್ಡ ಕೈಗೆ ಅವರು ಕೊಡುವ ಬೆಲೆಯೇ ನಿಮ್ಮ ಗಳಿಕೆ. ಅದೇ ತಪ್ಪನ್ನು ನೀವು ಮಾಡಿದ ದಿನ ಆ ಗಳಿಕೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ನಿಯಮ ನಿಮಗೆಲ್ಲ ಗೊತ್ತಿದೆ, ಆದರೂ ಒಮ್ಮೆ ಹೇಳುತ್ತೇನೆ. ಕೈಯಲ್ಲಿ ನಾಲ್ಕೆಲೆ, ಬೋರ್ಡ್‌ನಲ್ಲಿ, ಅಂದರೆ ಮೇಜಿನ ಮೇಲೆ ಎಲ್ಲರಿಗೂ ಸೇರಿದಂತೆ, ಐದೆಲೆ: ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಒಂದು (ರಿವರ್). ಕೈಯಿಂದ ಸರಿಯಾಗಿ ಎರಡು, ಬೋರ್ಡ್‌ನಿಂದ ಸರಿಯಾಗಿ ಮೂರು. ಒಂದು ಹೆಚ್ಚೂ ಇಲ್ಲ, ಒಂದು ಕಡಿಮೆಯೂ ಇಲ್ಲ. 1980ರ ದಶಕದ ಆರಂಭದಲ್ಲಿ ಲಾಸ್ ವೇಗಸ್‌ನ ಗೋಲ್ಡನ್ ನಗೆಟ್ ಕ್ಯಾಸಿನೋದಲ್ಲಿ ಈ ಆಟ ಚಾಲ್ತಿಗೆ ಬಂದಾಗ ಅದನ್ನು 'ನಗೆಟ್ ಹೋಲ್ಡೆಮ್' ಎಂದೇ ಕರೆಯುತ್ತಿದ್ದರು. ಹೆಸರಿನಲ್ಲೇ ಹೋಲ್ಡೆಮ್ ಇತ್ತು. ಜನ ಇದನ್ನು ಎರಡೆಲೆ ಹೆಚ್ಚಿರುವ ಹೋಲ್ಡೆಮ್ ಎಂದುಕೊಳ್ಳುವ ಪರಿಪಾಠ ಅಷ್ಟು ಹಳೆಯದು.

ಎರಡೆಲೆ ಹೆಚ್ಚು ಎಂದರೆ ಎರಡುಪಟ್ಟು ಅಲ್ಲ, ಆರುಪಟ್ಟು. ನಾಲ್ಕೆಲೆಯಿಂದ ಆರು ಜೋಡಿ ಕಟ್ಟಬಹುದು. ಹೋಲ್ಡೆಮ್‌ನಲ್ಲಿ ಶುರುವಿಗೆ ಬರಬಹುದಾದ ಕೈಗಳು 1,326. ಓಮಹಾದಲ್ಲಿ 2,70,725. ಆರು ಜನ ಕೂತರೆ 52ರಲ್ಲಿ 24 ಎಲೆ ಆಗಲೇ ಕೈಗಳಲ್ಲಿವೆ. ಬೋರ್ಡ್‌ನಲ್ಲಿ ಏನಾದರೂ ಸಾಧ್ಯವಿದ್ದರೆ ಅದು ಯಾರದೋ ಕೈಯಲ್ಲಿ ಇರುವ ಸಂಭವ ಹೋಲ್ಡೆಮ್‌ಗಿಂತ ಎಷ್ಟೋ ಹೆಚ್ಚು.

ತೀರಾ ಹೊಸಬರು ಮಾಡುವ ತಪ್ಪೊಂದನ್ನು ಬೇಗ ಮುಗಿಸಿಬಿಡೋಣ: ತಮ್ಮ ಕೈಯನ್ನೇ ತಪ್ಪಾಗಿ ಓದುವುದು. ಬೋರ್ಡ್‌ನಲ್ಲಿ ನಾಲ್ಕು ಹಾರ್ಟ್ ಬಿದ್ದಿವೆ, ಕೈಯಲ್ಲಿ ಹಾರ್ಟ್ ಎಕ್ಕ ಒಂದೇ ಇದೆ. ಫ್ಲಶ್ (ಒಂದೇ ಸೂಟ್‌ನ ಐದೆಲೆ) ಆಯಿತೆಂದು ಪಾಟ್ ಬೆಟ್ (ಮೇಜಿನ ಮಧ್ಯೆ ಕೂಡಿದ ದುಡ್ಡಿನಷ್ಟೇ ಪಣ) ಮಾಡುತ್ತಾರೆ. ಆಗಿಲ್ಲ, ಕೈಯಲ್ಲಿ ಇನ್ನೊಂದು ಹಾರ್ಟ್ ಬೇಕು. ಬೋರ್ಡ್ ರಾಜ-ರಾಜ-7-7-2, ಕೈಯಲ್ಲಿ ಒಂದು ರಾಜ ಮತ್ತು ಒಂದು ರಾಣಿ. ಹೋಲ್ಡೆಮ್‌ನಲ್ಲಿ ಇದು ಫುಲ್ ಹೌಸ್, ಅಂದರೆ ಒಂದು ಬಗೆಯ ಮೂರು, ಇನ್ನೊಂದು ಬಗೆಯ ಎರಡು. ಇಲ್ಲಿ ಬರೀ ಮೂರು ರಾಜ. ಇಂಥವರು ಮೇಜಿನಲ್ಲಿ ಒಬ್ಬರಿದ್ದರೂ ಶೋಡೌನ್‌ನಲ್ಲಿ (ಕೊನೆಗೆ ಎಲೆ ತೋರಿಸುವಾಗ) ಗೊತ್ತಾಗುತ್ತದೆ, ಯಾರೆಂದು ನೆನಪಿಟ್ಟುಕೊಳ್ಳಿ. ಇದರಿಂದ ಬರುವ ದುಡ್ಡು ಮಾತ್ರ ಅಪರೂಪದ್ದು, ಅವರೂ ಒಂದು ವಾರದಲ್ಲಿ ಕಲಿತುಬಿಡುತ್ತಾರೆ. ವರ್ಷಗಟ್ಟಲೆ ಆಡಿದರೂ ಬಿಡದ ತಪ್ಪುಗಳು ಬೇರೆಯೇ ಇವೆ.

ಅವುಗಳಲ್ಲಿ ಮೊದಲನೆಯದು ಫ್ಲಶ್. ಬೋರ್ಡ್‌ನಲ್ಲಿ ಒಂದೇ ಸೂಟ್‌ನ ಮೂರು ಎಲೆ, ನಿಮ್ಮ ಕೈಯಲ್ಲಿ ಅದೇ ಸೂಟ್‌ನ ಎರಡು. ಉಳಿದದ್ದು ಎಂಟು. ಹೋಲ್ಡೆಮ್‌ನಲ್ಲಿ ಎದುರಾಳಿಯೊಬ್ಬನ ಎರಡೆಲೆಯೂ ಆ ಎಂಟರಲ್ಲೇ ಇರುವ ಸಾಧ್ಯತೆ ಶೇಕಡಾ 3ರ ಹತ್ತಿರ. ಓಮಹಾದಲ್ಲಿ ಎದುರಾಳಿಯ ನಾಲ್ಕೆಲೆಯಲ್ಲಿ ಆ ಸೂಟ್‌ನ ಎರಡಾದರೂ ಇರುವ ಸಾಧ್ಯತೆ ಶೇಕಡಾ 15ರ ಹತ್ತಿರ. ಐದು ಜನ ಎದುರಾಳಿಗಳಿದ್ದರೆ ಅವರಲ್ಲಿ ಒಬ್ಬರ ಬಳಿಯಾದರೂ ಫ್ಲಶ್ ಇರುವ ಸಂಭವ ಅರ್ಧಕ್ಕಿಂತ ಹೆಚ್ಚು. ಇದು ಯಾರೂ ಒಂದು ಚಿಪ್ಪನ್ನೂ ಹಾಕುವ ಮೊದಲಿನ ಲೆಕ್ಕ. ಇನ್ನು ಯಾರಾದರೂ ಎರಡು ಸುತ್ತು ಕಾಲ್ ಮಾಡಿ (ಎದುರಿನ ಬೆಟ್‌ನಷ್ಟೇ ಹಾಕಿ) ಮೂರನೇ ಸುತ್ತಿನಲ್ಲಿ ರೇಸ್ ಮಾಡಿದರೆ (ಬೆಟ್ ಏರಿಸಿದರೆ)?

ನನ್ನದೇ ಒಂದು ಕೈ ಹೇಳುತ್ತೇನೆ. ಓಮಹಾ ಶುರುಮಾಡಿ ಕೆಲವೇ ತಿಂಗಳಾಗಿತ್ತು. ನನ್ನಲ್ಲಿ ಹಾರ್ಟ್ ರಾಣಿ, ಹಾರ್ಟ್ ಗುಲಾಮ, ಜೊತೆಗೆ ಎರಡು 10. ಫ್ಲಾಪ್‌ನಲ್ಲಿ ಹಾರ್ಟ್ ರಾಜ, ಹಾರ್ಟ್ 8 ಮತ್ತೊಂದು ಪುಡಿ ಎಲೆ. ನಾನು ಬೆಟ್ ಮಾಡಿದೆ, ಎಡಗಡೆ ಕೂತಿದ್ದ ಹಿರಿಯರೊಬ್ಬರು ಕಾಲ್ ಮಾಡಿದರು. ಟರ್ನ್‌ನಲ್ಲೂ ಹಾಗೇ ಆಯಿತು. ಸಂಜೆಯಿಡೀ ಅವರು ಒಮ್ಮೆಯೂ ರೇಸ್ ಮಾಡಿರಲಿಲ್ಲ, ಚಿಪ್ಸನ್ನು ಹತ್ತತ್ತರ ಗುಡ್ಡೆ ಮಾಡಿ ಜೋಡಿಸುತ್ತಾ ಕೂತಿದ್ದರು. ರಿವರ್‌ನಲ್ಲಿ ಹಾರ್ಟ್ 3 ಬಿತ್ತು. ನಾನು ಪಾಟ್ ಎಂದೆ. ಅವರು ಗುಡ್ಡೆಗಳನ್ನೆಲ್ಲ ಎರಡೂ ಅಂಗೈಯಿಂದ ಮುಂದಕ್ಕೆ ತಳ್ಳಿದರು. ನನ್ನ ತಲೆಯಲ್ಲಿ ಓಡಿದ್ದು ಒಂದೇ ಮಾತು: ನನ್ನದು ಎರಡನೇ ಅತಿ ದೊಡ್ಡ ಫ್ಲಶ್, ನನ್ನನ್ನು ಸೋಲಿಸುವುದು ಎಕ್ಕ ಒಂದೇ. ಕಾಲ್ ಮಾಡಿದೆ. ಅವರು ಹಾರ್ಟ್ ಎಕ್ಕ, ಹಾರ್ಟ್ 5 ತೋರಿಸಿದರು. ಅವರ ಮುಖದಲ್ಲಿ ಗೆದ್ದ ಸಂಭ್ರಮಕ್ಕಿಂತ ಅಚ್ಚರಿಯೇ ಹೆಚ್ಚಿತ್ತು. ನಾನು ಕಾಲ್ ಮಾಡುತ್ತೇನೆಂದು ಅವರು ಎಣಿಸಿರಲಿಲ್ಲ. ಮೂರು ಗಂಟೆಯಿಂದ ಮಾಡದ ರೇಸನ್ನು ಆ ಮನುಷ್ಯ ಈಗ ಮಾಡಿದ್ದಾರೆಂದರೆ ಏನರ್ಥ ಎಂದು ಅರೆಕ್ಷಣ ಯೋಚಿಸಿದ್ದರೆ ಸಾಕಿತ್ತು. ನಾನು ನನ್ನ ಎಲೆಗಳನ್ನು ನೋಡಿಕೊಂಡೆ, ಅವರನ್ನು ನೋಡಲಿಲ್ಲ.

ಆ ರಾತ್ರಿಯಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಸಣ್ಣ ಮೊತ್ತದ ಮೇಜಿನಲ್ಲಿ, ಸುಮ್ಮನೆ ಕಾಲ್ ಮಾಡುತ್ತಾ ಬಂದ ಆಟಗಾರ ರಿವರ್‌ನಲ್ಲಿ ಪಾಟ್ ರೇಸ್ ಮಾಡಿದರೆ ಅವರ ಬಳಿ ನಟ್ಸ್, ಅಂದರೆ ಆ ಬೋರ್ಡ್‌ಗೆ ಸಾಧ್ಯವಿರುವ ಅತಿ ದೊಡ್ಡ ಕೈ, ಇದೆ. 'ಇರಬಹುದು' ಅಲ್ಲ, ಇದೆ ಎಂದೇ ಆಡುತ್ತೇನೆ. ಅಪರೂಪಕ್ಕೊಮ್ಮೆ ಈ ಲೆಕ್ಕ ತಪ್ಪಬಹುದು. ಅದರ ನಷ್ಟ ಒಂದು ಪಾಟ್. ಪ್ರತಿ ಸಲ ಕಾಲ್ ಮಾಡಿದರೆ ಆಗುವ ನಷ್ಟ ಅದರ ಎಷ್ಟೋ ಪಟ್ಟು.

ಆದರೆ ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಓಮಹಾ ಕಲಿಸುವವರೆಲ್ಲ 'ನಟ್ಸ್ ಇಲ್ಲದೆ ದುಡ್ಡು ಹಾಕಬೇಡ' ಎನ್ನುತ್ತಾರೆ. ಅರ್ಧ ಮಾತ್ರ ಸರಿ. ಅದನ್ನು ವೇದವಾಕ್ಯ ಮಾಡಿಕೊಂಡವರು ಎರಡನೇ ದೊಡ್ಡ ಫ್ಲಶ್ ಇಟ್ಟುಕೊಂಡು ರಿವರ್‌ನಲ್ಲಿ ಚೆಕ್ ಮಾಡಿಬಿಡುತ್ತಾರೆ, ಅಂದರೆ ಬೆಟ್ ಮಾಡದೆ ಸರದಿ ದಾಟಿಸುತ್ತಾರೆ. ಎದುರು ಕೂತವರು ಎರಡು ಜೋಡಿ, ಸೆಟ್ (ಒಂದೇ ಬಗೆಯ ಮೂರು), ಪುಟ್ಟ ಫ್ಲಶ್ ಹಿಡಿದು ಕಾಲ್ ಮಾಡಲು ಕಾಯುತ್ತಿರುತ್ತಾರೆ, ಇವರು ಕೇಳುವುದೇ ಇಲ್ಲ. ನೀವಾಗಿ ಬೆಟ್ ಮಾಡುವುದು ಬೇರೆ, ಅವರ ರೇಸ್‌ಗೆ ಕಾಲ್ ಮಾಡುವುದು ಬೇರೆ. ಎಲ್ಲರೂ ಚೆಕ್ ಮಾಡಿ ನಿಮ್ಮವರೆಗೆ ಬಂದರೆ, ಅದೇ ರಾಣಿ ಫ್ಲಶ್ ಇಟ್ಟುಕೊಂಡು ಅರ್ಧ ಪಾಟ್ ಬೆಟ್ ಮಾಡಿ. ಕಾಲ್ ಬಂದರೆ ಬಹುಪಾಲು ಗೆಲ್ಲುತ್ತೀರಿ, ರೇಸ್ ಬಂದರೆ ಎಲೆ ಕೆಳಗಿಡಿ. ಒಂದೇ ಕೈಯಿಂದ ಅವರ ತಪ್ಪಿನ ಲಾಭವೂ ಸಿಕ್ಕಿತು, ನಿಮ್ಮ ತಪ್ಪೂ ತಪ್ಪಿತು.

ಈಗ ಡ್ರಾಗಳಿಗೆ, ಅಂದರೆ ಸರಿಯಾದ ಎಲೆ ಬಂದರೆ ಮಾತ್ರ ಕಟ್ಟುವ ಕೈಗಳಿಗೆ, ಬರೋಣ. ನನಗೆ ಈ ಆಟದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಫ್ಲಾಪ್ 9-8-2, ಮೂರೂ ಬೇರೆ ಬೇರೆ ಸೂಟ್. ಒಬ್ಬರ ಕೈಯಲ್ಲಿ ಗುಲಾಮ-10-7-6. ಇನ್ನೊಬ್ಬರ ಕೈಯಲ್ಲಿ ರಾಜ-7-6-5. ಇಬ್ಬರೂ 'ನನ್ನಲ್ಲಿ ರ್‍ಯಾಪ್ ಇದೆ' ಎನ್ನುತ್ತಾರೆ. ಅಂದರೆ ಹಲವು ಎಲೆಗಳಲ್ಲಿ ಯಾವುದು ಬಂದರೂ ಸ್ಟ್ರೇಟ್ (ಸಾಲಾಗಿ ಐದೆಲೆ) ಕಟ್ಟುವ ಕೈ. ಇಬ್ಬರೂ ಪಾಟ್ ಬೆಟ್‌ಗೆ ಕಾಲ್ ಮಾಡುತ್ತಾರೆ. ಈಗ ಎಲೆ ಎಣಿಸೋಣ.

ಮೊದಲನೆಯವರಿಗೆ ನಾಲ್ಕು ರಾಣಿ, ಮೂರು ಗುಲಾಮ, ಮೂರು 10, ಮೂರು 7, ಮೂರು 6, ನಾಲ್ಕು 5. ಒಟ್ಟು 20 ಎಲೆಗಳಲ್ಲಿ ಯಾವುದು ಬಂದರೂ ಸ್ಟ್ರೇಟ್. ಇವುಗಳಲ್ಲಿ ರಾಣಿ, 7, 6, 5 ಬಂದರೆ ಆ ಸ್ಟ್ರೇಟೇ ನಟ್ಸ್. ಅಂದರೆ 14 ಎಲೆ. ಗುಲಾಮ ಬಂದರೆ ರಾಣಿ-10 ಇದ್ದವರು, 10 ಬಂದರೆ ರಾಣಿ-ಗುಲಾಮ ಇದ್ದವರು ಮುಂದೆ. ಆ ಆರು ಎಲೆಗಳಲ್ಲಿ ಮಾತ್ರ ಎಚ್ಚರ ಬೇಕು. ಎರಡು ಎಲೆ ಬರುವುದು ಬಾಕಿ ಇರುವಾಗ ಈ 20ರಲ್ಲಿ ಒಂದಾದರೂ ಬೀಳುವ ಸಾಧ್ಯತೆ ಶೇಕಡಾ 70ರ ಹತ್ತಿರ. ಇನ್ನೂ ಏನೂ ಕಟ್ಟದ ಕೈ ಇದು, ಆದರೂ ಸೆಟ್ ಹಿಡಿದವರ ಎದುರು ತಲೆಯೆತ್ತಿ ನಿಲ್ಲುತ್ತದೆ.

ಎರಡನೆಯವರಿಗೆ ನಾಲ್ಕು 10, ಮೂರು 7, ಮೂರು 6, ಮೂರು 5. ಒಟ್ಟು 13. ಅರ್ಧದಷ್ಟು ಸಲ ಸ್ಟ್ರೇಟ್ ಕಟ್ಟುತ್ತದೆ, ಕೇಳುವುದಕ್ಕೆ ಚೆನ್ನಾಗಿದೆ. ಆದರೆ 10 ಬಂದರೆ ರಾಣಿ-ಗುಲಾಮ ಇದ್ದವರೂ ಗುಲಾಮ-7 ಇದ್ದವರೂ ಇವರಿಗಿಂತ ಮೇಲೆ. 7 ಬಂದರೆ ಗುಲಾಮ-10 ಮೇಲೆ. 6 ಬಂದರೆ 10-7 ಮೇಲೆ. ನಟ್ಸ್ ಆಗುವುದು 5 ಬಂದಾಗ ಮಾತ್ರ. ಹದಿಮೂರರಲ್ಲಿ ಮೂರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಇಬ್ಬರನ್ನೂ ಒಂದೇ ಪಾಟ್‌ನಲ್ಲಿ ಕೂರಿಸಿ. ಟರ್ನ್‌ನಲ್ಲಿ 7 ಬೀಳುತ್ತದೆ. ಇಬ್ಬರಿಗೂ ಸ್ಟ್ರೇಟ್, ಇಬ್ಬರಿಗೂ ಖುಷಿ. ಮೊದಲನೆಯವರದು ಗುಲಾಮನಿಂದ 7ರವರೆಗೆ, ಎರಡನೆಯವರದು 9ರಿಂದ 5ರವರೆಗೆ. ಎರಡನೆಯವರ ಚಿಪ್ಸ್ ಅಷ್ಟೂ ಹೋಗುವುದು ಡ್ರಾ ಕೂಡದಾಗ ಅಲ್ಲ, ಕೂಡಿದಾಗ. ಸಣ್ಣ ಮೊತ್ತದ ಮೇಜಿನಲ್ಲಿ ನಾನು ಕಂಡ ದೊಡ್ಡ ಪಾಟ್‌ಗಳಲ್ಲಿ ಎಷ್ಟೋ ಹೀಗೇ ಹುಟ್ಟಿದವು.

ಹಾಗಾಗಿ ಔಟ್ಸ್ (ಕೈ ಕಟ್ಟಿಸುವ ಎಲೆಗಳು) ಎಣಿಸುವಾಗ ಎರಡು ಸಂಖ್ಯೆ ಇಟ್ಟುಕೊಳ್ಳಿ: ಎಷ್ಟು ಎಲೆ ಬಂದರೆ ಕಟ್ಟುತ್ತದೆ, ಎಷ್ಟು ಎಲೆ ಬಂದರೆ ನಟ್ಸ್ ಆಗುತ್ತದೆ. ಮೇಜಿನಲ್ಲಿರುವ ಹೆಚ್ಚಿನವರು ಮೊದಲನೆಯ ಸಂಖ್ಯೆಯನ್ನಷ್ಟೇ ಎಣಿಸುತ್ತಾರೆ. ಬೋರ್ಡ್‌ಗಿಂತ ಮೇಲಿನ ಎಲೆಗಳು ನಿಮ್ಮ ಕೈಯಲ್ಲಿರಲಿ, ಕೆಳಗಿನ ಎಲೆಗಳು ಅವರ ಕೈಯಲ್ಲಿರಲಿ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ವಿಷಯ ಬರುತ್ತದೆ. ಟರ್ನ್‌ನಲ್ಲಿ ಬರೀ ಫ್ಲಶ್ ಡ್ರಾ ಹಿಡಿದು ಪಾಟ್ ಬೆಟ್‌ಗೆ ಕಾಲ್ ಮಾಡುವುದು. ನಿಮ್ಮಲ್ಲಿ ಕಟ್ಟಿದ ಕೈ ಇದೆ, ಪಾಟ್ 100, ನೀವು 100 ಬೆಟ್ ಮಾಡುತ್ತೀರಿ. ಎದುರಾಳಿಗೆ 9 ಔಟ್ಸ್. ಕಾಣದ 44 ಎಲೆಗಳಲ್ಲಿ 9 ಅಂದರೆ ಶೇಕಡಾ 20ಕ್ಕೆ ಸ್ವಲ್ಪ ಮೇಲೆ. 300ರ ಪಾಟ್‌ಗಾಗಿ 100 ಕೊಡಬೇಕಾದರೆ ಅವರು ಮೂರರಲ್ಲಿ ಒಂದು ಸಲವಾದರೂ ಗೆಲ್ಲಬೇಕು, ಗೆಲ್ಲುವುದು ಐದರಲ್ಲಿ ಒಂದು ಸಲ. ರಿವರ್‌ನ ಬೆಟ್ಟಿಂಗ್ ಬದಿಗಿಟ್ಟು ಲೆಕ್ಕ ಹಾಕಿದರೆ ಆ ಒಂದೊಂದು ಕಾಲ್‌ನಲ್ಲೂ ಅವರು ಸರಾಸರಿ 39 ಚಿಪ್ ಬಿಟ್ಟುಕೊಡುತ್ತಾರೆ. ಹೀಗಿರುವಾಗ ನೀವು 'ಹೆದರಿಸಬಾರದು' ಎಂದು 40 ಚಿಪ್ ಬೆಟ್ ಮಾಡಿದರೆ? ಅವರು 180ರ ಪಾಟ್‌ಗೆ 40 ಕೊಡುತ್ತಾರೆ, ಅವರ ಕಾಲ್ ಸರಿಹೋಗುವ ಅಂಚಿಗೆ ಬಂದುಬಿಡುತ್ತದೆ. ಅವರ ತಪ್ಪನ್ನು ನೀವೇ ತಿದ್ದಿಕೊಟ್ಟಂತಾಯಿತು. ಕಾಲ್ ಮಾಡುವ ಜನರ ಎದುರು ಟರ್ನ್ ಎಂದರೆ ಪೂರ್ತಿ ಪಾಟ್ ಬೆಟ್ ಮಾಡುವ ಜಾಗ. ಐದರಲ್ಲಿ ಒಂದು ಸಲ ಅವರ ಎಲೆ ಬಿದ್ದೇ ಬೀಳುತ್ತದೆ. ಆಗ ಮುಖ ಸಿಂಡರಿಸದೆ ಮುಂದಿನ ಕೈಗೆ ಹೋಗಿ. ನಾಳೆಯೂ ಅವರು ಕಾಲ್ ಮಾಡಬೇಕು.

ಇನ್ನು ಎಕ್ಕದ ಜೋಡಿ. ಹೋಲ್ಡೆಮ್‌ನಿಂದ ಬಂದವರಿಗೆ ಎರಡು ಎಕ್ಕ ಕಂಡರೆ ಮೈ ಬಿಸಿಯಾಗುತ್ತದೆ. ಅಲ್ಲಿ ಎಕ್ಕದ ಜೋಡಿ ರಾಜನ ಜೋಡಿಯನ್ನು ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸಲ ಸೋಲಿಸುತ್ತದೆ. ಇಲ್ಲಿ ಎರಡು ಎಕ್ಕದ ಜೊತೆ ಸಂಬಂಧವಿಲ್ಲದ ಎರಡು ಎಲೆ ಇದ್ದರೆ, 9-8-7-6ರಂಥ ಎರಡು ಸೂಟ್ ಕೂಡಿದ ಕೈಯ ಎದುರು 60ಕ್ಕೆ 40ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮುಂದೆ ಇರುವುದು ನಿಜ, ಆದರೆ ಎಷ್ಟು ಮುಂದೆ ಎಂಬುದನ್ನು ನೋಡಿ.

ಸಣ್ಣ ಮೊತ್ತದ ಮೇಜಿನಲ್ಲಿ ಎಷ್ಟೋ ಜನ ಫ್ಲಾಪ್‌ಗೆ ಮೊದಲು ಮರು-ರೇಸ್ ಮಾಡುವುದು ಎಕ್ಕದ ಜೋಡಿ ಬಂದಾಗ ಮಾತ್ರ. ಅದು ಬರುವುದು ಸುಮಾರು 39 ಕೈಗೊಮ್ಮೆ. ಒಂದು ಸಂಜೆ ಗಮನಿಸಿದರೆ ಅಂಥವರು ಯಾರೆಂದು ಗೊತ್ತಾಗಿಬಿಡುತ್ತದೆ. ಆಮೇಲೆ ಅವರು ನಾಲ್ಕೆಲೆಯಲ್ಲಿ ಎರಡನ್ನು ಮೇಜಿನ ಮೇಲೆ ಬಿಚ್ಚಿಟ್ಟು ಆಡಿದಂತೆಯೇ.

ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಪಣ) 1 ಮತ್ತು 2, ನಿಮ್ಮಿಬ್ಬರ ಬಳಿಯೂ 200 ಚಿಪ್ ಎಂದಿಟ್ಟುಕೊಳ್ಳಿ. ನೀವು ಡೀಲರ್ ಬಟನ್ ಮೇಲೆ ಕೂತು ಆ 9-8-7-6 ಹಿಡಿದು 7ಕ್ಕೆ ರೇಸ್ ಮಾಡಿದಿರಿ. ಬಿಗ್ ಬ್ಲೈಂಡ್‌ನಲ್ಲಿ (2 ಹಾಕುವ ಜಾಗದಲ್ಲಿ) ಕೂತ ಅಂಥ ಒಬ್ಬರು ಪಾಟ್ ಎಂದರು, 22 ಆಯಿತು. ನೀವು ಕಾಲ್ ಮಾಡಿದರೆ ಪಾಟ್ 45, ಇಬ್ಬರ ಬಳಿಯೂ 178 ಉಳಿಯುತ್ತದೆ. ಅಂದರೆ ಹಿಂದೆ ಉಳಿದದ್ದು ಪಾಟ್‌ನ ನಾಲ್ಕು ಪಟ್ಟು. ಅವರೇನು ಹಿಡಿದಿದ್ದಾರೆಂದು ನಿಮಗೆ ಗೊತ್ತು, ನೀವೇನು ಹಿಡಿದಿದ್ದೀರೆಂದು ಅವರಿಗೆ ಗೊತ್ತಿಲ್ಲ. ಮಾತಾಡುವ ಸರದಿಯೂ ನಿಮ್ಮದೇ ಕೊನೆ. ಫ್ಲಾಪ್ ರಾಜ-7-2 ಆದರೆ ಅವರ ಬೆಟ್‌ಗೆ ಎಲೆ ಬಿಸಾಕಿ, ಹೋದದ್ದು 22. ಫ್ಲಾಪ್ 10-8-7 ಆಗಿ ಸ್ಟ್ರೇಟ್ ಕೂಡಿದರೆ, ಇಲ್ಲವೇ ಎರಡು ಜೋಡಿಯ ಜೊತೆ ಒಳ್ಳೆಯ ಡ್ರಾ ಸಿಕ್ಕಿದರೆ, ಅವರ 178 ನಿಮ್ಮತ್ತ ಬರುವ ದಾರಿ ತೆರೆಯಿತು. ಎಕ್ಕ ಬಿಡುವುದಕ್ಕೆ ಅವರಿಗೆ ಮನಸ್ಸು ಬರುವುದಿಲ್ಲ.

ಇದೇ ಕೈಯಲ್ಲಿ ಇಬ್ಬರ ಬಳಿಯೂ 60 ಚಿಪ್ ಇದ್ದಿದ್ದರೆ ಕತೆ ಬೇರೆ. 22 ಹಾಕಿದ ಮೇಲೆ ಉಳಿಯುವುದು 38, ಪಾಟ್ 45. ಫ್ಲಾಪ್ ಏನೇ ಬಿದ್ದರೂ ಅವರು ಉಳಿದದ್ದನ್ನು ಹಾಕುತ್ತಾರೆ, ಹಾಕುವುದು ಸರಿಯೂ ಹೌದು. ಅವರ ತಪ್ಪು ಎಕ್ಕವನ್ನು ಮೆಚ್ಚುವುದಲ್ಲ, ಆಳವಾದ ಸ್ಟಾಕ್ ಇಟ್ಟುಕೊಂಡು ಅಷ್ಟೇ ಮೆಚ್ಚುವುದು. ಕಾಲ್ ಮಾಡುವ ಮೊದಲು ನಾನು ಮೊದಲು ನೋಡುವುದು ಅವರ ಚಿಪ್ಸ್, ಆಮೇಲೆ ನನ್ನ ಎಲೆ.

ಶುರುವಿನ ಕೈಗಳ ಬಗ್ಗೆ ಬೇರೆ ಹೆಚ್ಚೇನೂ ಹೇಳುವುದಿಲ್ಲ. ರಾಜ-ರಾಣಿ-ಗುಲಾಮ-4 ನೋಡಲು ಚೆಂದ, ಆದರೆ ಆರು ಜೋಡಿಗಳಲ್ಲಿ ಮೂರರಲ್ಲಿ ಆ 4 ಸೇರಿಕೊಂಡಿದೆ. ಅರ್ಧ ಕೈ ಹಾಳು. ಒಂದೇ ಸೂಟ್‌ನ ನಾಲ್ಕೆಲೆ ಬಂದರೆ ಬೋರ್ಡ್‌ಗೆ ಬೇಕಾದ ಎರಡು ಎಲೆಯನ್ನು ನೀವೇ ಹಿಡಿದುಕೊಂಡಿದ್ದೀರಿ. ಇಂಥ ಕೈಗಳನ್ನು ಅವರು ಆಡುತ್ತಾರೆ, ನೀವು ಬಿಡಿ. ಅಷ್ಟೇ.

ಈಗ ಒಳ್ಳೆಯ ಆಟಗಾರರೂ ಎಡವುವ ಒಂದು ಜಾಗ. ಫ್ಲಾಪ್ ಸ್ಪೇಡ್ 9, ಸ್ಪೇಡ್ 8, ಡೈಮಂಡ್ 7. ನಿಮ್ಮ ಕೈಯಲ್ಲಿ ಗುಲಾಮ-10, ಜೊತೆಗೆ ರಾಜ ಮತ್ತು 3. ಸ್ಪೇಡ್ ಒಂದೂ ಇಲ್ಲ. ಈ ಕ್ಷಣಕ್ಕೆ ನಟ್ಸ್ ನಿಮ್ಮದು. ಆದರೆ ಟರ್ನ್‌ಗೆ ಏನು ಬರಬಹುದು? ಯಾವ ಸ್ಪೇಡ್ ಬಂದರೂ ಫ್ಲಶ್ ಸಾಧ್ಯ, 11 ಎಲೆ. ಬೋರ್ಡ್ ಜೋಡಿಯಾದರೆ ಫುಲ್ ಹೌಸ್ ಸಾಧ್ಯ, ಸ್ಪೇಡ್ 7 ಆಗಲೇ ಎಣಿಸಿದ್ದೇವೆ, ಉಳಿದದ್ದು 8. ಗುಲಾಮನೋ 10ವೋ ಬಿದ್ದರೆ ನಿಮಗಿಂತ ದೊಡ್ಡ ಸ್ಟ್ರೇಟ್ ಸಾಧ್ಯ, ಸ್ಪೇಡ್ ಬಿಟ್ಟು ಇನ್ನೂ 4. ಒಟ್ಟು 23. ಕಾಣದ 45 ಎಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಲೆಗಳು ನಟ್ಸನ್ನು ನಿಮ್ಮಿಂದ ಕಿತ್ತುಕೊಳ್ಳುತ್ತವೆ. ಎದುರು ಮೂರು 9 ಮತ್ತು ದೊಡ್ಡ ಸ್ಪೇಡ್ ಡ್ರಾ ಎರಡೂ ಇರುವ ಒಬ್ಬರಿದ್ದರೆ, ನಟ್ಸ್ ನಿಮ್ಮದಾದರೂ ಗೆಲ್ಲುವ ಸಂಭವ ಅವರದೇ ಹೆಚ್ಚು.

ಸಣ್ಣ ಮೊತ್ತದ ಆಟಗಾರರು ಇಂಥ ಬರಿ ಸ್ಟ್ರೇಟ್ ಹಿಡಿದು ಫ್ಲಾಪ್‌ನಲ್ಲೇ ಇದ್ದದ್ದನ್ನೆಲ್ಲ ಹಾಕುತ್ತಾರೆ. ಬರಿ ಸ್ಟ್ರೇಟ್ ನಿಮ್ಮದಾಗಿ, ಚಿಪ್ಸ್ ಆಳವಿದ್ದು, ಇಬ್ಬರು ಮೂವರು ಪಾಟ್‌ನಲ್ಲಿದ್ದರೆ ಪಾಟನ್ನು ಉಬ್ಬಿಸಬೇಡಿ. ಕಾಲ್ ಮಾಡಿ, ಟರ್ನ್‌ನಲ್ಲಿ ನಿರಪಾಯದ ಎಲೆ ಬಿದ್ದ ಮೇಲೆ ಪೂರ್ತಿ ಬೆಲೆ ಕೇಳಿ. ಆಗ ಅವರಿಗೆ ಉಳಿದಿರುವುದು ಒಂದೇ ಎಲೆ. ಅದೇ ಗುಲಾಮ-10ರ ಜೊತೆ ನಿಮಗೆ ಸ್ಪೇಡ್ ಎಕ್ಕ ಮತ್ತೊಂದು ಸ್ಪೇಡ್ ಇದ್ದರೆ ಮಾತ್ರ ತಡಮಾಡಬೇಡಿ, ಫ್ಲಾಪ್‌ನಲ್ಲೇ ಹಾಕಿ. ಬರಿ ಗುಲಾಮ-10 ಇರುವವರು ಎದುರಾದರೆ ಅವರಿಗೆ ಸಿಗಬಹುದಾದ ದೊಡ್ಡ ಫಲ ಎಂದರೆ ಪಾಟ್ ಹಂಚಿಕೊಳ್ಳುವುದು. ನಿಮಗೆ ಹಂಚಿಕೆಯಂತೂ ಇದ್ದೇ ಇದೆ, ಸ್ಪೇಡ್ ಬಿದ್ದರೆ ಪೂರ್ತಿ ಪಾಟ್.

ಬ್ಲಫ್ ಬಗ್ಗೆ ಹೇಳದೆ ಮುಗಿಸಿದರೆ ನೀವು ಬಿಡುವುದಿಲ್ಲ. ಬೋರ್ಡ್‌ನಲ್ಲಿ ಮೂರು ಸ್ಪೇಡ್, ಕೈಯಲ್ಲಿ ಸ್ಪೇಡ್ ಎಕ್ಕ ಒಂದೇ ಒಂದು. ಯಾರ ಬಳಿಯೂ ನಟ್ಸ್ ಫ್ಲಶ್ ಇಲ್ಲವೆಂಬುದು ನಿಮಗೆ ಖಚಿತ. ದೊಡ್ಡ ಮೊತ್ತದ ಆಟದಲ್ಲಿ ಇದು ಬ್ಲಫ್‌ಗೆ ಹೇಳಿ ಮಾಡಿಸಿದ ಕೈ. ಆದರೆ ಆ ಬ್ಲಫ್ ನಡೆಯಬೇಕಾದರೆ ಎದುರಾಳಿಗೆ 'ನನ್ನದು ರಾಜನ ಫ್ಲಶ್, ಇದು ಎರಡನೆಯದು' ಎಂದು ಅನ್ನಿಸಬೇಕು. ಇಷ್ಟು ಹೊತ್ತು ನಾನು ಹೇಳಿದ್ದೇನು? ಅವರಿಗೆ ಹಾಗೆ ಅನ್ನಿಸುವುದೇ ಇಲ್ಲ ಎಂದು. ಎರಡನೇ ದೊಡ್ಡ ಕೈ ಬಿಡದವರ ಹತ್ತಿರ ದುಡ್ಡು ಮಾಡುವ ದಾರಿ ಒಂದೇ, ಮೊದಲನೇ ದೊಡ್ಡ ಕೈ ಹಿಡಿದು ಬೆಟ್ ಮಾಡುವುದು. ಅವರ ಹತ್ತಿರವೇ ಬ್ಲಫ್ ಕೂಡ ಮಾಡುತ್ತೇನೆಂದರೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ.

ಸಣ್ಣ ಸಣ್ಣ ವಿಷಯಗಳನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ನಾಲ್ಕೈದು ಜನ ಲಿಂಪ್ ಮಾಡಿದ (ರೇಸ್ ಮಾಡದೆ ಬರೀ ಕಾಲ್ ಮಾಡಿ ಒಳಬಂದ) ಪಾಟ್‌ನಲ್ಲಿ ನೀವು ರೇಸ್ ಮಾಡಿದರೆ ಯಾರೂ ಏಳುವುದಿಲ್ಲ, ಪಾಟ್ ಮಾತ್ರ ದೊಡ್ಡದಾಗುತ್ತದೆ. ಹಾಗಾಗಿ ರೇಸ್ ಮಾಡುವುದು ಜನರನ್ನು ಓಡಿಸುವುದಕ್ಕಲ್ಲ, ನಟ್ಸ್ ಕಟ್ಟಬಲ್ಲ ಕೈ ಬಂದಾಗ, ಕೊನೆಯಲ್ಲಿ ಮಾತಾಡುವ ಜಾಗದಲ್ಲಿ ಕೂತಾಗ. ಬೆಟ್‌ನ ಗಾತ್ರ ನೋಡಿ: ಒಳ್ಳೆಯ ಕೈ ಬಂದಾಗ ಪಾಟ್, ಅನುಮಾನ ಇದ್ದಾಗ ಚಿಕ್ಕ ಬೆಟ್ ಮಾಡುವವರು ಬಹಳ. ಸಣ್ಣ ಮೊತ್ತದಲ್ಲಿ ರೇಕ್ (ಮೇಜು ನಡೆಸುವವರು ತೆಗೆದುಕೊಳ್ಳುವ ಪಾಲು) ಪಾಟ್‌ನ ದೊಡ್ಡ ಪಾಲನ್ನೇ ತಿನ್ನುತ್ತದೆ. ಕೂದಲೆಳೆಯ ಅಂತರದ ಲಾಭಕ್ಕೆ ಆಡಿದರೆ ಆ ಲಾಭ ಮೇಜು ನಡೆಸುವವರಿಗೇ ಹೋಗುತ್ತದೆ. ಇನ್ನೊಂದು ಮಾತು. 60ಕ್ಕೆ 40ರ ಆಟದಲ್ಲಿ ಚೆನ್ನಾಗಿ ಆಡಿಯೂ ವಾರಗಟ್ಟಲೆ ಸೋಲುವುದುಂಟು. ಸಂಸಾರದ ದುಡ್ಡು ಈ ಮೇಜಿಗೆ ಬರಲೇಬಾರದು. ಇದನ್ನು ಮಾತಿನ ಅಲಂಕಾರಕ್ಕೆ ಹೇಳುತ್ತಿಲ್ಲ, ಬಂದು ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ.

ಕೊನೆಗೆ ಒಬ್ಬರು ಕೇಳಿದ ಪ್ರಶ್ನೆ: "ಸರ್, ಆಡುವಾಗ ಇಷ್ಟೆಲ್ಲ ಎಣಿಸಲು ಹೊತ್ತೆಲ್ಲಿರುತ್ತದೆ? ಬೋರ್ಡ್ ಬಿದ್ದ ಕೂಡಲೇ ನಟ್ಸ್ ಯಾವುದು ಅಂತಲೇ ಹೊಳೆಯುವುದಿಲ್ಲ."

ಒಳ್ಳೆಯ ಪ್ರಶ್ನೆ. ಅದಕ್ಕೆ ಮೇಜಿನ ಹೊರಗೆ ಮಾಡುವ ಅಭ್ಯಾಸ ಬೇಕು. ಒಂದು ಕಟ್ಟು ಇಸ್ಪೀಟು ತೆಗೆದುಕೊಳ್ಳಿ. ಯಾರಿಗೂ ಹಂಚಬೇಡಿ, ಬರೀ ಫ್ಲಾಪ್ ಬಿಡಿಸಿ, ನಟ್ಸ್ ಯಾವುದೆಂದು ಬಾಯಿಬಿಟ್ಟು ಹೇಳಿ. ಆಮೇಲೆ ಟರ್ನ್, ಮತ್ತೆ ಹೇಳಿ. ಆಮೇಲೆ ರಿವರ್. ದಿನಕ್ಕೆ ಐವತ್ತು ಬೋರ್ಡ್ ಸಾಕು, ಕಾಲು ಗಂಟೆಯ ಕೆಲಸ. ಈಗಲೇ ಒಂದು ಮಾಡೋಣ. ಫ್ಲಾಪ್ 10-9-8, ಮೂರೂ ಬೇರೆ ಸೂಟ್. ನಟ್ಸ್? ಹೌದು, ರಾಣಿ-ಗುಲಾಮ. ಟರ್ನ್‌ನಲ್ಲಿ ರಾಜ. ಈಗ? ಇನ್ನೂ ಅದೇ ರಾಣಿ-ಗುಲಾಮ, ಆದರೆ ಸ್ಟ್ರೇಟ್ ಈಗ ರಾಜನಿಂದ ಶುರು. ಸರಿ, ರಾಜ ತೆಗೆದು ಅಲ್ಲಿ ಗುಲಾಮ ಇಡುತ್ತೇನೆ. ಈಗ ರಾಣಿ-ಗುಲಾಮ ಹಿಡಿದವರು ಎರಡನೆಯವರಾದರು, ರಾಜ-ರಾಣಿ ಮೇಲೆ ಬಂತು. ಗುಲಾಮನನ್ನೂ ತೆಗೆದು 8 ಇಡುತ್ತೇನೆ. ಯಾರು ಹೇಳುತ್ತೀರಿ?

ಹಿಂದಿನ ಸಾಲಿನಿಂದ ಉತ್ತರ ಬಂತು: "ಎರಡು 8."